ಗುಂಟೆಗೆ ಎಷ್ಟು ಲೋಡು ಮಣ್ಣು?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆ ತೋಟಕ್ಕೆ ಹೊಸಮಣ್ಣು ಹಾಕಿಸುವಾಗ ಎಲ್ಲರದ್ದೂ ಒಂದೇ ಪ್ರಶ್ನೆ: "ಎಷ್ಟು ಲೋಡು ಬೇಕಾಗ್ತದೆ ಮಾರಾಯ್ರೆ?" ಟ್ರಾಕ್ಟರಿನವರು ಕಣ್ಣಂದಾಜು ಹೇಳ್ತಾರೆ; ದುಡ್ಡು ಕೊಡುವವರು ನಾವು. ನಾನು ಟೇಪು ಹಿಡಿಯುತ್ತೇನೆ.

ಗುಂಟೆಗೆ 1089 ಚದರಡಿ. ಮೂರಿಂಚು, ಅಂದರೆ ಕಾಲಡಿ ದಪ್ಪಕ್ಕೆ 272 ಘನಅಡಿ ಮಣ್ಣು. ನಮ್ಮಲ್ಲಿಗೆ ಬರುವ ಟ್ರೈಲರ್ ಒಳಗೆ 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರ. ಮಟ್ಟಸ ತುಂಬಿದರೆ 120 ಘನಅಡಿ. ಲೆಕ್ಕಕ್ಕೆ ಎರಡೂಕಾಲು ಲೋಡು. ಆದರೆ ಅಗೆದ ಮಣ್ಣು ಸಡಿಲ, ಮಳೆಗಾಲ ಕಳೆದರೆ ಕೂರುತ್ತದೆ. ಕಾಲುಭಾಗ ಸೇರಿಸಿ ಗುಂಟೆಗೆ ಮೂರು ಲೋಡು ಹಿಡಿಯುತ್ತೇನೆ. ಬಸಿಗಾಲುವೆಯ ಜಾಗ ಮೊದಲೇ ಕಳೆಯಿರಿ. ಹತ್ತು ಗುಂಟೆಯಲ್ಲಿ ಎರಡು ಗುಂಟೆ ಕಾಲುವೆಯಾದರೆ ಆರು ಲೋಡಿನ ದುಡ್ಡು ಉಳಿಯಿತು.

ಟ್ರೈಲರ್ ಅರ್ಧ ಅಡಿ ಕಡಿಮೆ ತುಂಬಿದರೆ ಲೋಡಿಗೆ 30 ಘನಅಡಿ ಖೋತಾ. ಯಾರು ಬೇಜಾರು ಮಾಡಿಕೊಂಡರೂ ಸರಿ, ಮೊದಲ ಲೋಡನ್ನು ನಾನೇ ಹತ್ತಿ ನೋಡುತ್ತೇನೆ.