ಮಕ್ಕಳ ಸಾಹಸಕಥೆಯಲ್ಲಿ ಪ್ರಾಣಿನಾಯಕ

ಮಕ್ಕಳಿಗೆ ಕಥೆ ಹೇಳಲು ಕುಳಿತವರು ಮೊದಲು ನೆನೆಯುವುದು ಪ್ರಾಣಿಗಳನ್ನೇ. ಒಂದು ಕಾಡು, ಆ ಕಾಡಿನಲ್ಲೊಂದು ಸಿಂಹ, ಅದಕ್ಕೆ ಮಂತ್ರಿಯಾಗಿ ಒಂದು ನರಿ ಎಂದರೆ ಸಾಕು, ಮಗು ಹತ್ತಿರ ಸರಿದು ಕೂರುತ್ತದೆ. ಆರಂಭ ಇಷ್ಟು ಸುಲಭವಾದುದರಿಂದಲೇ ಪ್ರಾಣಿಯನ್ನು ನಾಯಕನನ್ನಾಗಿ ಮಾಡಿಕೊಂಡು ಸಾಹಸಕಥೆ ಬರೆಯುವುದೂ ಸುಲಭವೆಂಬ ಭಾವನೆ ಬೆಳೆದಿದೆ. ಮೊಲಕ್ಕೊಂದು ಅಂಗಿ ತೊಡಿಸಿ, ಕರಡಿಯ ಕೈಗೊಂದು ಕೊಡೆ ಕೊಟ್ಟು, ಇಬ್ಬರಿಂದಲೂ ಕಳ್ಳರನ್ನು ಹಿಡಿಸಿದರೆ ಕಥೆ ಮುಗಿಯಿತೆಂದು ತಿಳಿಯುವವರುಂಟು. ಅಂಥ ಕಥೆ ಮಗುವನ್ನು ಒಂದು ಗಳಿಗೆ ನಗಿಸೀತು. ಆದರೆ ಅಲ್ಲಿ ಸಾಹಸ ಮಾಡಿದ್ದು ಮೊಲವಲ್ಲ, ಮೊಲದ ವೇಷ ತೊಟ್ಟ ಮನುಷ್ಯ. ಪ್ರಾಣಿಯು ಪ್ರಾಣಿಯಾಗಿಯೇ ಉಳಿದು ನಾಯಕಪದವಿಗೆ ಏರುವುದು ಹೇಗೆ? ಈ ಪ್ರಶ್ನೆಯನ್ನು ಕುರಿತು ನಾಲ್ಕು ಮಾತುಗಳನ್ನು ಹೇಳುವುದು ಈ ಭಾಷಣದ ಉದ್ದೇಶ.

ನಮ್ಮ ಪರಂಪರೆಯಲ್ಲಿ ಪ್ರಾಣಿಕಥೆಗಳಿಗೆ ಬರವಿಲ್ಲ. 11ನೆಯ ಶತಮಾನದ ದುರ್ಗಸಿಂಹನ ‘ಪಂಚತಂತ್ರ’ದಲ್ಲಿ ಮೃಗಗಳು ರಾಜನೀತಿಯನ್ನು ಚರ್ಚಿಸುತ್ತವೆ. ಜನ್ನನ ‘ಯಶೋಧರ ಚರಿತೆ’ಯಲ್ಲಿ (1209) ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಕ್ಕಳು ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ. ಗೋವಿನ ಹಾಡಿನ ಪುಣ್ಯಕೋಟಿ ಕೊಟ್ಟ ಮಾತಿಗಾಗಿ ಹುಲಿಯ ಗವಿಗೆ ಹಿಂದಿರುಗುತ್ತದೆ. ಮೊದಲನೆಯದರಲ್ಲಿ ಪ್ರಾಣಿ ನೀತಿಯ ಮುಖವಾಡ. ಎರಡನೆಯದರಲ್ಲಿ ಕರ್ಮಫಲವನ್ನು ಉಣ್ಣುವ ಜೀವದ ಒಡಲು. ಮೂರನೆಯದರಲ್ಲಿ ಸತ್ಯದ ಪ್ರತಿಮೆ. ಇವುಗಳ ಹಿರಿಮೆಯನ್ನು ಅಲ್ಲಗಳೆಯುವ ಮಾತೇ ಇಲ್ಲ. ಆದರೆ ಈ ಮೂರು ಬಗೆಗಳಲ್ಲಿಯೂ ಕಥೆಯ ಗುರಿ ಪ್ರಾಣಿಯ ಆಚೆಗಿದೆ. ನರಿಯ ಮೂಗಿಗೆ ಯಾವ ವಾಸನೆ ತಾಗಿತು, ನವಿಲಿನ ಕಣ್ಣಿಗೆ ಕಾಡು ಹೇಗೆ ಕಂಡಿತು ಎಂಬುದು ಅಲ್ಲಿ ಮುಖ್ಯವಲ್ಲ. ಸಾಹಸಕಥೆಯಲ್ಲಾದರೋ ಅದೇ ಮುಖ್ಯ.

ಈ ಭೇದವನ್ನು ತಿಳಿಯಲು ಒಂದೇ ಹೆಸರಿನ ಎರಡು ಪಾರಿವಾಳಗಳನ್ನು ಹೋಲಿಸಿ ನೋಡಬಹುದು. ಸಂಸ್ಕೃತದ ಪಂಚತಂತ್ರ, ಹಿತೋಪದೇಶಗಳಲ್ಲಿ ಚಿತ್ರಗ್ರೀವನೆಂಬ ಕಪೋತರಾಜ ಬರುತ್ತಾನೆ. ಬೇಡನ ಬಲೆಗೆ ಸಿಕ್ಕಿದ ತನ್ನ ಪರಿವಾರಕ್ಕೆ ಧೈರ್ಯ ಹೇಳಿ, ಎಲ್ಲರೂ ಒಮ್ಮೆಗೇ ಮೇಲೇಳುವಂತೆ ಮಾಡಿ, ಬಲೆಯ ಸಮೇತ ಹಾರಿಹೋಗಿ ಹಿರಣ್ಯಕನೆಂಬ ಇಲಿಯ ನೆರವನ್ನು ಬೇಡುತ್ತಾನೆ. ಇಲಿ ಮೊದಲು ರಾಜನ ಬಂಧನವನ್ನು ಕಡಿಯಲು ಬಂದಾಗ, ‘ನನ್ನವರದು ಮೊದಲು’ ಎನ್ನುತ್ತಾನೆ. ಅವನ ಗುಣ ರಾಜಗುಣ. ಅವನ ರೆಕ್ಕೆ ಕಥೆಯ ಅನುಕೂಲಕ್ಕಾಗಿ ಇರುವ ರೆಕ್ಕೆ.

ಎರಡನೆಯ ಚಿತ್ರಗ್ರೀವನನ್ನು ಸೃಷ್ಟಿಸಿದವರು ಧನಗೋಪಾಲ ಮುಖರ್ಜಿ. 1890ರಲ್ಲಿ ಬಂಗಾಳದಲ್ಲಿ ಜನಿಸಿ, ತಾರುಣ್ಯದಲ್ಲಿ ಅಮೆರಿಕೆಗೆ ಹೋಗಿ ಅಲ್ಲಿಯೇ ನೆಲೆಸಿದ ಈ ಲೇಖಕರು 1927ರಲ್ಲಿ ‘ಗೇ-ನೆಕ್’ ಎಂಬ ಇಂಗ್ಲಿಷ್ ಕಾದಂಬರಿಯನ್ನು ಪ್ರಕಟಿಸಿದರು. ಚಿತ್ರಗ್ರೀವ ಎಂಬ ಹೆಸರಿನ ಅನುವಾದವೇ ಆ ಶೀರ್ಷಿಕೆ. ಮರುವರ್ಷ, 1928ರಲ್ಲಿ, ಅಮೆರಿಕದ ಮಕ್ಕಳ ಸಾಹಿತ್ಯಕ್ಕೆ ಸಲ್ಲುವ ನ್ಯೂಬೆರಿ ಪದಕ ಅದಕ್ಕೆ ದೊರೆಯಿತು. ಕಲ್ಕತ್ತೆಯ ಮನೆಯೊಂದರ ಮಾಳಿಗೆಯಲ್ಲಿ ಹುಟ್ಟಿದ ಈ ಪಾರಿವಾಳ ಹುಡುಗನೊಬ್ಬನ ಕೈಯಲ್ಲಿ ಪಳಗುತ್ತದೆ. ಹಿಮಾಲಯದಲ್ಲಿ ಡೇಗೆಯ ಭಯವನ್ನು ಕಾಣುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಓಲೆ ಹೊರುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಓಲೆಯ ಪಾರಿವಾಳ ನಾವು ಹೇಳಿದ ಊರಿಗೆ ಹೋಗುವ ಅಂಚೆಯವನಲ್ಲ. ಅದಕ್ಕೆ ಗೊತ್ತಿರುವುದು ಒಂದೇ ದಾರಿ, ತನ್ನ ಗೂಡಿನ ದಾರಿ. ಅದನ್ನು ಪಂಜರದಲ್ಲಿಟ್ಟು ದೂರಕ್ಕೆ ಒಯ್ದು ಬಿಟ್ಟರೆ ಮನೆಗೆ ಮರಳುತ್ತದೆ, ಅಷ್ಟೇ. ಗುಂಡಿನ ಮಳೆಯ ನಡುವೆ ಚಿತ್ರಗ್ರೀವ ಮಾಡಿದ ಮಹಾಸಾಹಸವೆಂದರೆ ಗೂಡಿಗೆ ಹಿಂದಿರುಗಿದ್ದು. ದೇಶಭಕ್ತಿ, ಕೀರ್ತಿ, ಕರ್ತವ್ಯ ಇವೆಲ್ಲವೂ ಓಲೆ ಬರೆದ ಮನುಷ್ಯರಿಗೆ ಸೇರಿದವು. ಹಕ್ಕಿಗೆ ಸೇರಿದ್ದು ಮನೆ ಮಾತ್ರ. ಆದರೂ ಆ ಹಾರಾಟವನ್ನು ಓದುವ ಮಗುವಿನ ಎದೆ ಡವಗುಟ್ಟುತ್ತದೆ. ಏಕೆಂದರೆ ಅಪಾಯ ನಿಜ, ಶಕ್ತಿ ಸೀಮಿತ, ಛಲ ಹಕ್ಕಿಯದೇ. ನನ್ನ ಮಾತಿನ ತಿರುಳೂ ಇದೇ: ಪ್ರಾಣಿಯ ಸಾಮರ್ಥ್ಯಕ್ಕಿಂತ ಅದರ ಮಿತಿಯೇ ಸಾಹಸಕಥೆಯ ಬೀಜ.

ನಮ್ಮ ಮೀಮಾಂಸಕರ ಭಾಷೆಯಲ್ಲಿ ಹೇಳುವುದಾದರೆ ಇದು ಔಚಿತ್ಯದ ಪ್ರಶ್ನೆ. ವೀರರಸದ ಸ್ಥಾಯಿ ಉತ್ಸಾಹವೆಂದು ಭರತಮುನಿಯಿಂದ ಕಲಿತಿದ್ದೇವೆ. ಪಾತ್ರಕ್ಕೆ ಒಪ್ಪದ ನಡೆ ರಸವನ್ನು ಕೆಡಿಸುತ್ತದೆಂಬುದು ಕ್ಷೇಮೇಂದ್ರನ ಔಚಿತ್ಯವಿಚಾರದಿಂದ ತಿಳಿಯುತ್ತದೆ. ನಾಯಿಯ ಉತ್ಸಾಹ ನಾಯಿಗೆ ಒಪ್ಪುವಂತಿರಬೇಕು, ಆನೆಯದು ಆನೆಗೆ.

ಒಂದು ಉದಾಹರಣೆಯನ್ನು ಕಟ್ಟಿಕೊಳ್ಳೋಣ. ಉತ್ತರ ಕರ್ನಾಟಕದ ಬಯಲಿನಲ್ಲಿ ಕುರಿಗಾಹಿಗಳು ಊರಿಂದೂರಿಗೆ ಮಂದೆಯನ್ನು ನಡೆಸಿಕೊಂಡು ಹೋಗುತ್ತಾರೆ. ಗೊಬ್ಬರಕ್ಕಾಗಿ ರೈತರು ತಮ್ಮ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಅಂಥ ಮಂದೆಯ ಕಾವಲು ನಾಯಿ ನಮ್ಮ ನಾಯಕನಾಗಲಿ. ಸಂಜೆ ಒಂದು ಮರಿ ಹಿಂದುಳಿದಿದೆ. ಆ ಬಯಲಿನಲ್ಲಿ ತೋಳವಿದೆ. ಅನನುಭವಿಯಾದ ಕಥೆಗಾರ ಇಲ್ಲಿ ಏನು ಮಾಡುತ್ತಾನೆ? ನಾಯಿ ಗುಡ್ಡವೇರಿ ಸುತ್ತಲೂ ದೃಷ್ಟಿ ಹಾಯಿಸಿ, ಹುಲ್ಲಿನ ನಡುವೆ ಮರಿಯ ಕೊರಳಿನ ಕೆಂಪು ದಾರವನ್ನು ಕಂಡಿತೆಂದು ಬರೆಯುತ್ತಾನೆ. ಆದರೆ ನಾಯಿಯ ಕಣ್ಣು ಕೆಂಪು ಹಸಿರುಗಳನ್ನು ನಮ್ಮಂತೆ ಬೇರ್ಪಡಿಸಲಾರದು. ಅದು ಚೆನ್ನಾಗಿ ಗುರುತಿಸುವುದು ನೀಲಿ ಹಳದಿಗಳನ್ನು. ಅದರ ಲೋಕ ಹೆಚ್ಚಾಗಿ ವಾಸನೆಯಿಂದ ಕಟ್ಟಿದ ಲೋಕ. ಇದನ್ನು ಬಲ್ಲ ಕಥೆಗಾರನಿಗೆ ಗಾಳಿಯೇ ಒಂದು ಪಾತ್ರವಾಗುತ್ತದೆ. ಗಾಳಿ ಮರಿಯ ಕಡೆಯಿಂದ ಬೀಸಿದರೆ ಸುದ್ದಿ ತರುತ್ತದೆ. ತಿರುಗಿತೆಂದರೆ ಸುದ್ದಿ ನಿಲ್ಲುತ್ತದೆ, ಮೇಲಾಗಿ ನಾಯಿಯ ಸುದ್ದಿ ತೋಳಕ್ಕೆ ಮುಟ್ಟುತ್ತದೆ. ದಾರಿಯಲ್ಲಿ ಅಡ್ಡ ಬಂದ ಹಳ್ಳ ವಾಸನೆಯ ಎಳೆಯನ್ನು ಕಡಿಯುತ್ತದೆ. ಆಚೆ ದಡದಲ್ಲಿ ಅದನ್ನು ಮತ್ತೆ ಹುಡುಕಬೇಕು. ಬಿಸಿಲಿಗೆ ಕಾದು ಒಣಗಿದ ನೆಲಕ್ಕಿಂತ ತಂಪಾದ ನೆಲ ವಾಸನೆಯನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಇವನ್ನೆಲ್ಲ ಕಥೆಗಾರ ಹೊಸದಾಗಿ ಕಲ್ಪಿಸಬೇಕಾಗಿಲ್ಲ. ನಾಯಿಯ ಮೂಗನ್ನು ನಂಬಿದರೆ ತಿರುವುಗಳು ತಾವಾಗಿಯೇ ಒದಗುತ್ತವೆ.

ಹಾಗಾದರೆ ಪ್ರಾಣಿ ಮಾತನಾಡಲೇಬಾರದೆ? ಅಂಥ ನಿಷೇಧ ಬೇಕಾಗಿಲ್ಲ. ಇಂಗ್ಲೆಂಡಿನ ಅನ್ನಾ ಸೀವೆಲ್ 1877ರಲ್ಲಿ ಪ್ರಕಟಿಸಿದ ‘ಬ್ಲ್ಯಾಕ್ ಬ್ಯೂಟಿ’ಯಲ್ಲಿ ಕುದುರೆಯೇ ತನ್ನ ಬಾಳಿನ ಕಥೆ ಹೇಳುತ್ತದೆ. ಆಕೆ ಅದನ್ನು ಬರೆದದ್ದು ಮುಖ್ಯವಾಗಿ ಕುದುರೆಗಳೊಡನೆ ದುಡಿಯುವವರಿಗಾಗಿ. ಮಕ್ಕಳು ಅದನ್ನು ತಮ್ಮದಾಗಿಸಿಕೊಂಡರು. ಆ ಕಾಲದಲ್ಲಿ ಗಾಡಿಯ ಕುದುರೆಗಳ ತಲೆ ಸದಾ ಎತ್ತರದಲ್ಲಿ ನಿಂತು ಠೀವಿಯಿಂದ ಕಾಣಲೆಂದು ಒಂದು ಬಗೆಯ ಬಿಗಿ ಲಗಾಮನ್ನು ಹಾಕುತ್ತಿದ್ದರು. ನೋಡುವವರಿಗೆ ಅದು ಸೊಗಸು. ಏರು ದಾರಿಯಲ್ಲಿ ಕತ್ತು ಬಗ್ಗಿಸಲಾಗದೆ ಉಸಿರು ಕಟ್ಟುವ ಕುದುರೆಗೆ ಏನಾಗುತ್ತದೆಂಬುದನ್ನು ಆ ಪುಸ್ತಕ ಕುದುರೆಯ ಕತ್ತಿನೊಳಗಿನಿಂದಲೇ ಹೇಳಿತು. ಆ ಲಗಾಮಿನ ಬಳಕೆ ಕ್ರಮೇಣ ಹಿಂದೆ ಸರಿದುದಕ್ಕೆ ಈ ಕಥೆಯೂ ಒಂದು ಕಾರಣವೆಂದು ಎಣಿಸುತ್ತಾರೆ. ಅಲ್ಲಿ ಕುದುರೆಗೆ ಮಾತು ಬಂದಿದೆ. ಆದರೆ ಆ ಮಾತು ಅದು ಕಂಡ, ಕೇಳಿದ, ಮೈಯಲ್ಲಿ ಅನುಭವಿಸಿದ ಸಂಗತಿಗಳನ್ನು ಬಿಟ್ಟು ದೂರ ಹೋಗುವುದಿಲ್ಲ. ಮುಖರ್ಜಿಯವರ ಪಾರಿವಾಳವೂ ಕೆಲವು ಅಧ್ಯಾಯಗಳಲ್ಲಿ ತಾನೇ ಕಥೆ ಹೇಳುತ್ತದೆ. ಅಲ್ಲಿ ಲೇಖಕರು ಓದುಗರ ಕಲ್ಪನೆಯ ನೆರವನ್ನು ಮುಚ್ಚುಮರೆಯಿಲ್ಲದೆ ಕೇಳುತ್ತಾರೆ. ಮಾತನ್ನು ಕೊಡಬಹುದು, ಪ್ರಾಣಿಗೆ ಎಟುಕದ ತಿಳಿವಳಿಕೆಯನ್ನು ಕೊಡಬಾರದು.

ಈ ಗೆರೆಯನ್ನು ಮೀರಿದಾಗ ಏನಾಗುತ್ತದೆಂಬುದಕ್ಕೆ ಅಮೆರಿಕದಲ್ಲಿ ನಡೆದ ಒಂದು ವಾಗ್ವಾದ ನಿದರ್ಶನ. 1903ರಲ್ಲಿ ಜಾನ್ ಬರೋಸ್ ಎಂಬ ಹಿರಿಯ ನಿಸರ್ಗಲೇಖಕರು ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಯಲ್ಲಿ ಅಂದಿನ ಜನಪ್ರಿಯ ಪ್ರಾಣಿಕಥೆಗಾರರನ್ನು ಕಟುವಾಗಿ ಟೀಕಿಸಿದರು. 1907ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರೂ ಆ ವಾದಕ್ಕೆ ಇಳಿದರು. ವಿಲಿಯಂ ಲಾಂಗ್ ಎಂಬ ಲೇಖಕರು ಹಕ್ಕಿಯೊಂದು ಮುರಿದ ತನ್ನ ಕಾಲಿಗೆ ಜೇಡಿಮಣ್ಣಿನ ಕಟ್ಟು ಕಟ್ಟಿಕೊಂಡಿತೆಂದು ಬರೆದು, ಅದನ್ನು ಕಣ್ಣಾರೆ ಕಂಡ ಸತ್ಯವೆಂದು ಸಾಧಿಸಿದ್ದರು. ಕಟ್ಟುಕಥೆ ಎಂದು ಹೇಳಿ ಬರೆದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಕಲ್ಪನೆ ದೋಷವಲ್ಲ, ಕಲ್ಪನೆಯನ್ನು ವಾಸ್ತವವೆಂದು ಮಗುವಿನ ಕೈಗಿಡುವುದು ದೋಷ.

ಇನ್ನು ಪ್ರತಿನಾಯಕನ ವಿಚಾರ. ಸಾಹಸಕ್ಕೆ ಎದುರಾಳಿ ಬೇಕು. ಎದುರಾಳಿ ದುಷ್ಟನೇ ಆಗಬೇಕೆಂದಿಲ್ಲ. ನಮ್ಮ ಉದಾಹರಣೆಯ ತೋಳಕ್ಕೂ ಒಂದು ಗವಿಯಿದೆ, ಗವಿಯಲ್ಲಿ ಮರಿಗಳಿವೆ. ದೊಡ್ಡ ತೋಳಗಳು ತಿಂದ ಮಾಂಸವನ್ನು ಗವಿಗೆ ಬಂದು ಮರಿಗಳ ಮುಂದೆ ಕಕ್ಕಿ ಉಣಿಸುತ್ತವೆ. ಇದನ್ನು ಬಲ್ಲ ಮಗುವಿಗೆ ಕಾವಲು ನಾಯಿಯ ಗೆಲುವು ಬೇಕೆನಿಸಿದರೂ ತೋಳದ ಹಸಿವನ್ನು ಮರೆಯಲಾಗದು. ಅರ್ನೆಸ್ಟ್ ಥಾಂಪ್ಸನ್ ಸೀಟನ್ 1894ರಲ್ಲಿ ನ್ಯೂ ಮೆಕ್ಸಿಕೋ ಪ್ರಾಂತದಲ್ಲಿ ಲೋಬೋ ಎಂಬ ತೋಳವನ್ನು ಹಿಡಿದದ್ದು ಅದನ್ನು ಕೊಲ್ಲಲೆಂದೇ ಹೋಗಿ. ಅದರ ಸಂಗಾತಿಯನ್ನು ಮೊದಲು ಕೊಂದು, ಆ ಜಾಡಿನಲ್ಲಿ ಅದನ್ನು ಉರುಲಿಗೆ ಕೆಡವಿದವರು ಅವರೇ. 1898ರಲ್ಲಿ ಆ ಕಥೆ ಪುಸ್ತಕದಲ್ಲಿ ಬಂದಾಗ ಓದುಗರ ಕಣ್ಣೀರು ತೋಳದ ಪಾಲಾಯಿತು. ಬೇಟೆಗಾರ ತನ್ನನ್ನು ಒಳ್ಳೆಯವನನ್ನಾಗಿ ಚಿತ್ರಿಸಿಕೊಳ್ಳಲಿಲ್ಲ. ಸೀಟನ್ನರೂ ಬರೋಸರ ಟೀಕೆಗೆ ಗುರಿಯಾದವರೇ. ಆದರೂ ಎದುರಾಳಿಗೆ ಅವರು ತೋರಿದ ಈ ಗೌರವ ಉಳಿದುಕೊಂಡಿದೆ.

ಭಾರತದ ನೆಲದ ಮೇಲೆ ನಡೆಯುವ ಕಿಪ್ಲಿಂಗನ ಮುಂಗುಸಿಯ ಕಥೆ, 1894ರ ‘ಜಂಗಲ್ ಬುಕ್’ನಲ್ಲಿರುವ ‘ರಿಕ್ಕಿ-ಟಿಕ್ಕಿ-ಟಾವಿ’, ಈ ದೃಷ್ಟಿಯಿಂದ ಅರ್ಧ ಗೆದ್ದ, ಅರ್ಧ ಸೋತ ಕೃತಿ. ಮುಂಗುಸಿ ಹಾವಿನೊಡನೆ ಕಾದಾಡಿ ಯಾವುದೋ ಬೇರನ್ನು ತಿಂದು ವಿಷ ಇಳಿಸಿಕೊಳ್ಳುತ್ತದೆಂಬ ನಂಬಿಕೆ ನಮ್ಮಲ್ಲಿದೆ. ಕಿಪ್ಲಿಂಗ್ ಅದನ್ನು ಒಪ್ಪದೆ, ಗೆಲುವೆಲ್ಲ ಕಣ್ಣು ಕಾಲುಗಳ ಚುರುಕಿನದೆಂದು ಕಥೆಯಲ್ಲಿಯೇ ಹೇಳುತ್ತಾನೆ. ಮುಂಗುಸಿಯ ಶರೀರವೇ ನಾಗರವಿಷವನ್ನು ಸ್ವಲ್ಪಮಟ್ಟಿಗೆ ತಡೆದುಕೊಳ್ಳುವಂತಿದೆಯೆಂದು ಮುಂದೆ ವಿಜ್ಞಾನ ಕಂಡುಕೊಂಡಿತು. ಕಿಪ್ಲಿಂಗನಿಗೆ ಅದು ತಿಳಿದಿರಲಾರದು. ಆದರೂ ಅವನ ಮುಂಗುಸಿ ನಿಜವಾದ ಮುಂಗುಸಿ. ಅವನ ನಾಗರಗಳಾದರೋ ಹಾವುಗಳಲ್ಲ. ಮನೆಯವರನ್ನು ಕೊಲ್ಲಲು ಇರುಳಿನಲ್ಲಿ ಸಂಚು ಹೂಡುವ ಗಂಡಹೆಂಡಿರು. ಹಾವು ಸಂಚು ಹೂಡುವುದಿಲ್ಲ, ಹನ್ನೆರಡು ವರ್ಷ ದ್ವೇಷವನ್ನೂ ಸಾಧಿಸುವುದಿಲ್ಲ. ಇದು ಬರಿಯ ಸಾಹಿತ್ಯಚರ್ಚೆಯಲ್ಲ. ನಮ್ಮ ದೇಶದಲ್ಲಿ 2000ರಿಂದ 2019ರವರೆಗಿನ ಅವಧಿಯಲ್ಲಿ ಹಾವು ಕಡಿದು ಸತ್ತವರ ಸಂಖ್ಯೆ ಸುಮಾರು 12 ಲಕ್ಷವೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಹಾವು ಹಗೆಯೆಂದು ನಂಬಿದ ಮಗು ಕೋಲು ಹುಡುಕುತ್ತದೆ. ತುಳಿತಕ್ಕೆ ಬೆದರಿದ ಜೀವ ಅದು ಎಂದು ಅರಿತ ಮಗು ಕತ್ತಲಲ್ಲಿ ದೀಪ ಹಿಡಿದು, ನೋಡಿ ಹೆಜ್ಜೆಯಿಡುತ್ತದೆ. ಮಗುವನ್ನೂ ಹಾವನ್ನೂ ಉಳಿಸುವುದು ಈ ಎರಡನೆಯ ಅರಿವು.

ಕಡೆಯದಾಗಿ ಸಾವಿನ ಮಾತು. ಮಕ್ಕಳ ಕಥೆಯಲ್ಲಿ ಪ್ರಾಣಿ ಸಾಯಬಾರದೆಂದು ಅನೇಕ ತಾಯಿತಂದೆಯರ ಅಭಿಪ್ರಾಯ. ಆದರೆ ಗೋವಿನ ಹಾಡನ್ನು ಕೇಳಿದ ಮಕ್ಕಳೆಲ್ಲರೂ ಕೊನೆಯಲ್ಲಿ ಹುಲಿ ಪ್ರಾಣ ಬಿಡುವುದನ್ನು ಕೇಳಿಯೇ ಬೆಳೆದವರು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಮಕ್ಕಳ ಪುಸ್ತಕವಲ್ಲ. ಆದರೂ ತುಂಬಿ ಹರಿಯುವ ತುಂಗೆಯಲ್ಲಿ ಗುತ್ತಿಯ ನಾಯಿ ಹುಲಿಯ ಕೊಚ್ಚಿಹೋಗುವ ಪ್ರಸಂಗವನ್ನು ಓದಿದವರು, ಒಂದು ನಾಯಿಯ ಸಾವಿಗೆ ಎಷ್ಟು ಘನತೆ ಸಲ್ಲಬಹುದೆಂಬುದನ್ನು ಬಲ್ಲರು. ಸಾವಿಗಿಂತ ಸೂಕ್ಷ್ಮವಾದುದು ಭಯ. ಯುದ್ಧದಿಂದ ಗಾಯಗೊಂಡು ಮರಳಿದ ಮುಖರ್ಜಿಯವರ ಚಿತ್ರಗ್ರೀವನಿಗೆ ರೆಕ್ಕೆಯ ಗಾಯ ಮಾಗಿದರೂ ಹಾರುವ ಧೈರ್ಯ ಬರುವುದಿಲ್ಲ. ಹಿಮಾಲಯದ ಲಾಮಾಗಳ ಮಠವೊಂದರಲ್ಲಿ, ಶಾಂತಿಯ ನಡುವೆ, ಆ ಭಯ ಮೆಲ್ಲಮೆಲ್ಲನೆ ಕರಗಬೇಕಾಗುತ್ತದೆ. ಗೆದ್ದು ಬಂದ ನಾಯಕನೂ ಹೆದರಬಲ್ಲನೆಂದು ಮಗುವಿಗೆ ಹೇಳುವ ಕಥೆ, ಗೆಲುವನ್ನು ಮಾತ್ರ ಹೇಳುವ ಕಥೆಗಿಂತ ಹೆಚ್ಚು ಕಾಲ ಜೊತೆಗಿರುತ್ತದೆ. ಮಗು ದುಃಖವನ್ನು ತಾಳಬಲ್ಲದು; ತನ್ನನ್ನು ಪುಸಲಾಯಿಸುತ್ತಿದ್ದಾರೆಂದು ತಿಳಿದರೆ ಮಾತ್ರ ಪುಸ್ತಕವನ್ನು ಮುಚ್ಚಿಬಿಡುತ್ತದೆ.

ಇಂಥ ಕಥೆ ಬರೆಯಬಯಸುವವರು ದೂರದ ಕಾಡಿಗೆ ಹೋಗಲೇಬೇಕೆಂದಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕಥೆ’ಯ (1991) ಕಿವಿ ಎಂಬ ನಾಯಿ ನಮ್ಮ ಓದುಗರಿಗೆ ಅಷ್ಟು ಹತ್ತಿರವಾದದ್ದು ಅದು ಪವಾಡ ಮಾಡಿದ್ದರಿಂದಲ್ಲ, ಬರೆದವರು ಅದರೊಡನೆ ಬಾಳಿ ಅದನ್ನು ನೋಡಿದ್ದರಿಂದ. ಮನೆಯ ಹಿತ್ತಲಿನ ಅಳಿಲು, ಬೀದಿಯ ನಾಯಿ, ದೇವಸ್ಥಾನದ ಗೋಪುರದ ಪಾರಿವಾಳ, ಇವುಗಳಲ್ಲಿ ಒಂದನ್ನು ಒಂದು ವರ್ಷ ನೋಡಬೇಕು. ಅದು ಯಾವಾಗ ಉಣ್ಣುತ್ತದೆ, ಯಾವುದಕ್ಕೆ ಬೆಚ್ಚುತ್ತದೆ, ಮಳೆಯಲ್ಲಿ ಎಲ್ಲಿ ನಿಲ್ಲುತ್ತದೆ, ಮರಿಗಳನ್ನು ಎಲ್ಲಿ ಅಡಗಿಸುತ್ತದೆ ಎಂದು ಬರೆದಿಟ್ಟುಕೊಳ್ಳಬೇಕು. ಅದಕ್ಕೆ ಏನು ಸಾಧ್ಯವಿಲ್ಲವೆಂಬುದು ಖಚಿತವಾಗಿ ತಿಳಿದ ದಿನ ಕಥೆ ಆರಂಭಿಸಬಹುದು. ಆ ಕಥೆಯನ್ನು ಓದಿದ ಮಗು ಮರುದಿನ ಶಾಲೆಗೆ ಹೋಗುವಾಗ ಬೀದಿಯ ನಾಯಿಯತ್ತ ಎತ್ತಿದ ಕಲ್ಲನ್ನು ಕೆಳಗಿಟ್ಟು, ಅದು ಗಾಳಿಯಲ್ಲಿ ಏನನ್ನು ಮೂಸುತ್ತಿದೆಯೆಂದು ಒಂದು ಕ್ಷಣ ನಿಂತು ನೋಡಿದರೆ, ಬರೆದವರ ಶ್ರಮ ಸಾರ್ಥಕವಾಯಿತೆಂದು ತಿಳಿಯಬಹುದು.