ಗಾಜಿನೊಳಗಿನ ಕೆರೆ

ಬೆಂಗಳೂರಿನ ದಕ್ಷಿಣದಲ್ಲಿ, ಕನಕಪುರ ರಸ್ತೆಗೆ ಅನತಿದೂರದಲ್ಲಿರುವ ವಸಂತಪುರ ಒಂದು ಕಾಲಕ್ಕೆ ಹೊಲ, ತೋಪು, ಕೆರೆಗಳ ನಡುವಣ ಹಳ್ಳಿ. ಗುಡ್ಡದ ಮೇಲಿನ ವಸಂತವಲ್ಲಭರಾಯನ ದರ್ಶನಕ್ಕೆ ಬರುತ್ತಿದ್ದವರನ್ನು ಬಿಟ್ಟರೆ ಪೇಟೆಯ ಜನಕ್ಕೆ ಅಲ್ಲಿ ಹೆಚ್ಚಿನ ಕೆಲಸವಿರಲಿಲ್ಲ. ಇಂದು ಅದು ನಗರದೊಳಗಿನ ಬಡಾವಣೆ. ಅಂಗಳವಿಲ್ಲದ ಮನೆಗಳಲ್ಲಿ ಹಸುರನ್ನು ಕಾಣಬಯಸುವವರು ಮಹಡಿಯ ಮೇಲೆ ಕುಂಡಗಳನ್ನಿಡುತ್ತಾರೆ; ನೀರನ್ನು ಕಾಣಬಯಸುವವರು ನಡುಮನೆಯಲ್ಲಿ ಮೀನಿನ ತೊಟ್ಟಿಯನ್ನಿಡುತ್ತಾರೆ.

ಅಂತಹ ಅನೇಕ ತೊಟ್ಟಿಗಳಲ್ಲಿರುವುದು ಪ್ಲಾಸ್ಟಿಕ್ ಗಿಡ. ಅದು ಬಾಡುವುದಿಲ್ಲ, ಕೊಳೆಯುವುದಿಲ್ಲ ಎಂಬುದೇ ಅದರ ಹೆಗ್ಗಳಿಕೆ. ಆದರೆ ಬಾಡದ ಗಿಡ ಬೆಳೆಯುವುದೂ ಇಲ್ಲ, ಉಸಿರಾಡುವುದೂ ಇಲ್ಲ. ಅಲ್ಲಿನ ಮೀನು ಬದುಕುವುದು ಗಾಳಿ ಊದುವ ಯಂತ್ರದ ಮತ್ತು ಮನೆಯವರ ದಯೆಯಿಂದ. ಎರಡು ದಿನ ಗಮನ ತಪ್ಪಿದರೆ ನೀರು ಕೆಡುತ್ತದೆ. ಜೀವಂತ ಗಿಡಗಳು ಬೇರೂರಿದ ತೊಟ್ಟಿಯ ಬಗೆಯೇ ಬೇರೆ. ಅದು ಅಲಂಕಾರದ ಪೆಟ್ಟಿಗೆಯಲ್ಲ, ಒಂದು ಪುಟ್ಟ ಕೆರೆ.

ಗಿಡಕ್ಕೂ ಪ್ರಾಣಿಗೂ ನಡುವಣ ಕೊಡುಕೊಳ್ಳುವಿಕೆಯನ್ನು ಮನುಷ್ಯನು ಅರಿತದ್ದು ಬಹಳ ಹಿಂದೇನಲ್ಲ. 1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ, ಮೇಣದಬತ್ತಿ ಉರಿದು ಕೆಟ್ಟಿದ್ದ ಗಾಳಿಯಲ್ಲಿ ಪುದೀನದ ಚಿಗುರೊಂದನ್ನಿಟ್ಟು, ಕೆಲವು ದಿನಗಳ ಮೇಲೆ ಅದೇ ಗಾಳಿಯಲ್ಲಿ ಮೇಣದಬತ್ತಿ ಮತ್ತೆ ಉರಿಯುವುದನ್ನು ಕಂಡನು. ಗಾಳಿಯನ್ನು ಹೀಗೆ ಶುದ್ಧಗೊಳಿಸುವುದು ಗಿಡದ ಹಸುರು ಭಾಗಗಳು ಮಾತ್ರ, ಅದೂ ಬೆಳಕಿನಲ್ಲಿ ಮಾತ್ರ ಎಂದು 1779ರಲ್ಲಿ ಯಾನ್ ಇಂಗೆನ್‌ಹೌಸ್ ತೋರಿಸಿದನು. ನೀರಿನಲ್ಲಿ ಮುಳುಗಿಸಿದ ಎಲೆಗಳಿಂದ ಬಿಸಿಲಿನಲ್ಲಿ ಏಳುವ ಗುಳ್ಳೆಗಳೇ ಅವನಿಗೆ ಸಾಕ್ಷಿ. ಶಾಲೆಯ ಪ್ರಯೋಗಶಾಲೆಯಲ್ಲಿ ಹೈಡ್ರಿಲ್ಲಾ ಗಿಡದ ಮೇಲೆ ಆಲಿಕೆಯನ್ನು ಕವುಚಿ ವಿದ್ಯಾರ್ಥಿಗಳು ನೋಡುವ ಗುಳ್ಳೆಗಳು ಅವೇ.

ಈ ಅರಿವನ್ನು ಮನೆಯ ತೊಟ್ಟಿಗೆ ತಂದವರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಮುಖ್ಯನು. ಸುಮಾರು 12 ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ಅರ್ಧದಷ್ಟು ನೀರು ತುಂಬಿ, ತಳಕ್ಕೆ ಮರಳು, ಕೆಸರು, ಕಲ್ಲುಗಳನ್ನು ಹಾಕಿ, ಎರಡು ಗೋಲ್ಡ್‌ಫಿಷ್ ಮೀನುಗಳನ್ನೂ ವ್ಯಾಲಿಸ್ನೇರಿಯಾ ಎಂಬ ಜಲಸಸ್ಯವನ್ನೂ ಅದರಲ್ಲಿ ಅವನು ಬೆಳೆಸಿದನು. ಮೊದಮೊದಲು ಎಲ್ಲವೂ ಸರಿಯಾಗಿಯೇ ಇತ್ತು. ಬಳಿಕ ಗಿಡದ ಹಳೆಯ ಎಲೆಗಳು ಕೊಳೆತು ನೀರು ಕದಡಿತು. ಗಾಜಿನ ಮೇಲೆ ಪಾಚಿ ಹಬ್ಬಿತು. ಆಗ ಅವನು ಐದಾರು ನೀರುಬಸವನ ಹುಳುಗಳನ್ನು ತಂದು ಬಿಟ್ಟನು. ಅವು ಕೊಳೆತುದನ್ನು ತಿಂದುಹಾಕಿದವು, ನೀರು ತಿಳಿಯಾಯಿತು. ಅವುಗಳ ಮೊಟ್ಟೆಗಳು ಮೀನುಗಳಿಗೆ ಆಹಾರವಾದವು. 1850ರಲ್ಲಿ ಅವನು ಈ ಸಂಗತಿಯನ್ನು ವಿದ್ವಾಂಸರ ಮುಂದಿಟ್ಟನು. ಮೀನು ಮತ್ತು ಗಿಡ ಎರಡಿದ್ದರೆ ಸಾಲದು, ಸತ್ತದ್ದನ್ನು ಕರಗಿಸುವ ಮೂರನೆಯವನೊಬ್ಬ ಬೇಕು ಎಂಬುದನ್ನು ಆ ಹುಳುಗಳು ತೋರಿಸಿಕೊಟ್ಟವು.

ಕಣ್ಣಿಗೆ ಕಾಣದ ಮೂರನೆಯವರೂ ಇದ್ದಾರೆ. ಮೀನು ತನ್ನ ಕಿವಿರುಗಳ ಮೂಲಕ ನೀರಿಗೆ ಬಿಡುವ ಅಮೋನಿಯ ಅದಕ್ಕೇ ವಿಷ. ಒಂದು ಬಗೆಯ ಬ್ಯಾಕ್ಟೀರಿಯಗಳು ಈ ಅಮೋನಿಯವನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರಗಳು ಬೇಕು. ಅಂಗಡಿಯಿಂದ ತೊಟ್ಟಿ ತಂದ ದಿನವೇ ಹತ್ತಾರು ಮೀನುಗಳನ್ನು ಬಿಟ್ಟು, ವಾರದೊಳಗೆ ಒಂದೊಂದಾಗಿ ಅವು ಸಾಯುವುದನ್ನು ಕಂಡು ಮಕ್ಕಳು ಅಳುವುದು ಈ ಕಾರಣದಿಂದಲೇ. ಗಿಡಗಳಿದ್ದರೆ ಅವು ಅಮೋನಿಯವನ್ನು ನೇರವಾಗಿಯೇ ಹೀರಿಕೊಳ್ಳುತ್ತವೆ. ಮೀನಿಗೆ ವಿಷವಾದದ್ದು ಗಿಡಕ್ಕೆ ಗೊಬ್ಬರ. ಆದುದರಿಂದ ಮೊದಲು ಗಿಡ, ಅದು ಚಿಗುರಿದ ಮೇಲೆ ಮೀನು ಎಂಬ ಕ್ರಮವೇ ಸರಿಯಾದುದು.

ಮನೆಯ ತೊಟ್ಟಿಗೆ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ ಹಾಗೂ ಎತ್ತರ ಸಾಕು. ಅದು ಸುಮಾರು 54 ಲೀಟರ್ ನೀರು ಹಿಡಿಯುತ್ತದೆ. ಅಷ್ಟು ಭಾರವನ್ನು ತಾಳುವ ಮೇಜು ಬೇಕು. ಇನ್ನು ನೀರಿನ ವಿಚಾರ. ಬೆಂಗಳೂರಿಗೆ ಕಾವೇರಿಯ ನೀರು ಮೊದಲು ಬಂದದ್ದು 1974ರಲ್ಲಿ. ಆದರೂ ನಗರದ ಅಂಚಿನ ಬಡಾವಣೆಗಳಲ್ಲಿ ಕೊಳವೆಬಾವಿಯನ್ನು ನೆಚ್ಚಿಕೊಂಡ ಮನೆಗಳು ಬಹಳ. ಕಾವೇರಿಯ ನೀರು ಹೋಲಿಕೆಯಲ್ಲಿ ಮೆದು. ಆದರೆ ಅದಕ್ಕೆ ಕ್ಲೋರಿನ್ ಬೆರೆಸಿರುತ್ತಾರೆ. ಬಾಯಿ ತೆರೆದ ಬಕೀಟಿನಲ್ಲಿ ಒಂದು ದಿನ ಇಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ. ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡುಸು. ಬೇಳೆ ಬೇಯದ, ಸಾಬೂನು ನೊರೆಯಾಗದ ಆ ನೀರನ್ನು ಮನೆಮಂದಿ ಶಪಿಸುತ್ತಾರೆ. ವ್ಯಾಲಿಸ್ನೇರಿಯಾ ಮತ್ತು ಹೈಡ್ರಿಲ್ಲಾ ಗಿಡಗಳಿಗೆ ಅದು ಶಾಪವಲ್ಲ. ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಹೀಗಾಗಿ ಮುಳುಗಿ ಬೆಳೆಯುವ ಗಿಡಗಳಿಗೆ ಇಂಗಾಲದ ಬರ ಸದಾ ಇದ್ದದ್ದೇ. ಗಡುಸು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟಿನಿಂದ ಇಂಗಾಲವನ್ನು ಪಡೆಯುವ ವಿದ್ಯೆಯನ್ನು ಈ ಎರಡೂ ಗಿಡಗಳು ಬಲ್ಲವು. ಅಡುಗೆಮನೆ ಒಲ್ಲೆನೆಂದ ನೀರಿನಲ್ಲಿ ಅವು ಸೊಂಪಾಗಿ ಬೆಳೆಯುತ್ತವೆ.

ಮಣ್ಣಿಗೂ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಕೆಮ್ಮಣ್ಣಿಗೆ ಆ ಬಣ್ಣ ಬಂದದ್ದು ಕಬ್ಬಿಣದ ಆಕ್ಸೈಡಿನಿಂದ. ಗಾಳಿಯಾಡದ ತಳದಲ್ಲಿ ಈ ಕಬ್ಬಿಣವು ಕರಗುವ ರೂಪಕ್ಕೆ ಬಂದು ಬೇರುಗಳಿಗೆ ದೊರೆಯುತ್ತದೆ. ಜರಡಿ ಹಿಡಿದ ಮಣ್ಣನ್ನು ಎರಡು ಬೆರಳಿನಷ್ಟು ಹರಡಿ, ಮೇಲೆ ಅಷ್ಟೇ ದಪ್ಪಕ್ಕೆ ತೊಳೆದ ದಪ್ಪ ಮರಳನ್ನು ಮುಚ್ಚಬೇಕು. ತೋಟಕ್ಕೆ ಒಳ್ಳೆಯದೆಂದು ಇಲ್ಲಿಯೂ ಸಗಣಿಗೊಬ್ಬರ ಸೇರಿಸಿದರೆ ಅದು ಕೊಳೆತು ಮೀನುಗಳ ಪ್ರಾಣಕ್ಕೆ ಎರವಾಗುತ್ತದೆ. ಅಲಂಕಾರಕ್ಕೆ ಹಾಕುವ ಕಲ್ಲಿನ ಮೇಲೆ ಒಂದೆರಡು ಹನಿ ನಿಂಬೆರಸ ಬಿಟ್ಟು ನೋಡಬೇಕು. ನೊರೆ ಬಂದರೆ ಅದು ಸುಣ್ಣದ ಅಂಶವುಳ್ಳ ಕಲ್ಲು, ನೀರನ್ನು ಇನ್ನಷ್ಟು ಗಡುಸು ಮಾಡುವಂಥದು.

ಗಿಡಗಳಲ್ಲಿ ನಮ್ಮ ನಾಡಿನವೇ ಹಲವು. ಪಟ್ಟಿಯಂತಹ ನೀಳ ಎಲೆಗಳ ವ್ಯಾಲಿಸ್ನೇರಿಯಾದ ಹೂಬಿಡುವ ಪರಿಯೇ ಒಂದು ಸೋಜಿಗ. ಹೆಣ್ಣು ಹೂವು ಉದ್ದವಾದ ತೊಟ್ಟಿನ ಮೇಲೆ ನೀರಿನ ಮಟ್ಟಕ್ಕೆ ಬಂದು ಕಾಯುತ್ತದೆ. ಬುಡದಲ್ಲಿ ಹುಟ್ಟಿದ ಸಣ್ಣ ಗಂಡು ಹೂಗಳು ಗಿಡವನ್ನು ಬಿಟ್ಟು ಮೇಲೆದ್ದು, ದೋಣಿಗಳಂತೆ ತೇಲಿ ಬಂದು ಅದನ್ನು ಮುಟ್ಟುತ್ತವೆ. ಆ ಬಳಿಕ ತೊಟ್ಟು ಸುರುಳಿ ಸುತ್ತಿಕೊಂಡು ಕಾಯನ್ನು ನೀರಿನೊಳಕ್ಕೆ ಎಳೆದುಕೊಳ್ಳುತ್ತದೆ. ಪಶ್ಚಿಮ ಘಟ್ಟದ ಹೊಳೆಗಳ ಅಂಚಿನಲ್ಲಿ ಬೆಳೆಯುವ ಕ್ರಿಪ್ಟೊಕೊರೈನ್ ಕೆಸುವಿನ ಕುಟುಂಬಕ್ಕೆ ಸೇರಿದ್ದು. ಮಲೆನಾಡಿನವರು ಪತ್ರೊಡೆಗೆ ಬಳಸುವ ಕೆಸುವೂ ಗಾಜಿನ ತೊಟ್ಟಿಯ ಈ ಗಿಡವೂ ದಾಯಾದಿಗಳು ಎಂದರೆ ನಂಬುವುದು ಕಷ್ಟ. ಇದಕ್ಕೆ ಮಂದ ಬೆಳಕೇ ಸಾಕು. ಆದರೆ ಹೊಳೆಯಿಂದ ಕಿತ್ತು ತರುವುದು ಸಲ್ಲದು. ಸಸ್ಯಕ್ಷೇತ್ರಗಳಲ್ಲಿ ಬೆಳೆಸಿದ ಗಿಡಗಳನ್ನೇ ಕೊಳ್ಳಬೇಕು.

ಹಾಗೆ ಕೊಂಡ ಗಿಡ ಮೊದಲ ಎರಡು ಮೂರು ವಾರಗಳಲ್ಲಿ ಎಲೆಗಳನ್ನೆಲ್ಲ ಕಳೆದುಕೊಂಡು ಬೋಳಾಗುವುದುಂಟು. ಬೆಳೆಸುವವರು ಅನೇಕ ಜಲಸಸ್ಯಗಳನ್ನು ತೇವದ ನೆಲದಲ್ಲಿ, ಎಲೆಗಳು ಗಾಳಿಯಲ್ಲಿರುವಂತೆ ಬೆಳೆಸುತ್ತಾರೆ. ಗಾಳಿಗೆಂದು ಹುಟ್ಟಿದ ದಪ್ಪ ಎಲೆ ನೀರಿನಲ್ಲಿ ಬಾಳದೆ ಕರಗುತ್ತದೆ. ನೀರಿಗೆಂದೇ ತೆಳುವಾದ ಹೊಸ ಎಲೆ ಬುಡದಿಂದ ಬರುತ್ತದೆ. ಗಿಡ ಸತ್ತಿತೆಂದು ಕಿತ್ತೆಸೆಯುವವರು ಬದುಕಿರುವ ಬೇರನ್ನೇ ಎಸೆದಿರುತ್ತಾರೆ.

ಬೆಳಕು ದಿನಕ್ಕೆ ಎಂಟು ಗಂಟೆಗಳಷ್ಟಿದ್ದರೆ ಸಾಕು. ಅದಕ್ಕೆ ಎಲ್‌ಇಡಿ ದೀಪ ಅನುಕೂಲ. ಕಿಟಕಿಯ ನೇರ ಬಿಸಿಲಿನಲ್ಲಿ ತೊಟ್ಟಿಯನ್ನಿಟ್ಟರೆ ಕೆಲವೇ ದಿನಗಳಲ್ಲಿ ನೀರು ಹಸುರಾಗುತ್ತದೆ. ಪಾಚಿಯೂ ಬೇಡುವುದು ಗಿಡ ಬೇಡುವುದನ್ನೇ, ಬೆಳಕು ಮತ್ತು ಗೊಬ್ಬರ. ಇವೆರಡೂ ಮಿಗಿಲಾದಾಗ ಮುಂದೋಡುವುದು ಪಾಚಿ. ಗೊಬ್ಬರ ಮಿಗಿಲಾಗುವುದು ಮೀನುಗಳ ಮೇಲಿನ ಅತಿ ಮಮತೆಯಿಂದ. ಎರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟಕ್ಕಿಂತ ಹೆಚ್ಚು ಹಾಕಿದ ಆಹಾರ ತಳದಲ್ಲಿ ಕೊಳೆಯುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸುವುದು ಒಳ್ಳೆಯದು. ತೆಗೆದ ನೀರು ಹೂಕುಂಡಗಳಿಗೆ ಬಲು ಹಿತ. ಇನ್ನೊಂದು ಮಾತು: ಕತ್ತಲಲ್ಲಿ ಗಿಡಗಳೂ ಆಮ್ಲಜನಕವನ್ನು ಸೇವಿಸುತ್ತವೆ. ತೊಟ್ಟಿಯಲ್ಲಿ ಜೀವಿಗಳು ಕಿಕ್ಕಿರಿದಿದ್ದರೆ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಅದು ಹಸಿವಲ್ಲ, ಉಸಿರಿನ ಕೊರತೆ.

54 ಲೀಟರಿನಲ್ಲಿ ನಡೆಯುವುದೇ ನೂರು ಎಕರೆಯಲ್ಲಿಯೂ ನಡೆಯುತ್ತದೆ. ಬೆಂಗಳೂರಿನ ಕೆರೆಗಳಿಗೆ ಮಿಗಿಲಾದ ಗೊಬ್ಬರವೆಂದರೆ ಚರಂಡಿಯ ನೀರು. ಅದನ್ನುಂಡು ಕಳೆ ಮತ್ತು ಪಾಚಿ ಕೊಬ್ಬುತ್ತವೆ, ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಬರಿದುಮಾಡುತ್ತವೆ. 2016ರ ಮಾರ್ಚ್ ತಿಂಗಳಿನಲ್ಲಿ ಹಲಸೂರು ಕೆರೆಯ ಮೀನುಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತು ತೇಲಿದ್ದು ಉಸಿರಿಗೆ ಆಮ್ಲಜನಕ ಸಾಲದೆ. ಈ ಕೆರೆಗಳನ್ನು ಮುಚ್ಚುವ ನೇರಳೆ ಹೂವಿನ ವಾಟರ್ ಹಯಸಿಂತ್ ದಕ್ಷಿಣ ಅಮೆರಿಕದ ಗಿಡ. ಹೂವಿನ ಚೆಲುವಿಗೆ ಮರುಳಾಗಿ ಮನುಷ್ಯರೇ ಅದನ್ನು ಭಾರತಕ್ಕೆ ತಂದರು. ನಮ್ಮ ಹೈಡ್ರಿಲ್ಲಾ ಇದಕ್ಕೆ ಪ್ರತಿಯಾಗಿ 1950ರ ದಶಕದಲ್ಲಿ ಮೀನುತೊಟ್ಟಿಗಳ ವ್ಯಾಪಾರದೊಡನೆ ಅಮೆರಿಕದ ಫ್ಲಾರಿಡಾಕ್ಕೆ ಹೋಗಿ, ಅಲ್ಲಿನ ಸರೋವರಗಳನ್ನೂ ಕಾಲುವೆಗಳನ್ನೂ ಕಟ್ಟಿಹಾಕಿತು. ತೌರಿನಲ್ಲಿ ಸಾಧುವಾದದ್ದು ಪರಸ್ಥಳದಲ್ಲಿ ಪೀಡೆಯಾಯಿತು. ಅದರ ಒಂದು ತುಂಡು ಕಾಂಡವೇ ಹೊಸ ಗಿಡವಾಗಲು ಸಾಕು.

ಆದುದರಿಂದ ತೊಟ್ಟಿಯಲ್ಲಿ ಹೆಚ್ಚಾಗಿ ಬೆಳೆದು ಕತ್ತರಿಸಿದ ಗಿಡವನ್ನಾಗಲಿ, ಸಾಕಲಾಗದ ಮೀನನ್ನಾಗಲಿ ಹತ್ತಿರದ ಕೆರೆಗೋ ಕಲ್ಯಾಣಿಗೋ ಬಿಡಬಾರದು. ಮೋರಿಗೂ ಹಾಕಬಾರದು, ಮೋರಿ ಹೋಗಿ ಸೇರುವುದೂ ಕೆರೆಯನ್ನೇ. ಮೀನನ್ನು ಅಂಗಡಿಗೆ ಹಿಂದಿರುಗಿಸಬಹುದು ಅಥವಾ ಸಾಕುವ ಗೆಳೆಯರಿಗೆ ಕೊಡಬಹುದು. ಕತ್ತರಿಸಿದ ಗಿಡವನ್ನು ಮಹಡಿಯ ಮೇಲೆ ಎರಡು ದಿನ ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ, ಪುಡಿಮಾಡಿ ಕುಂಡದ ಮಣ್ಣಿಗೆ ಬೆರೆಸಬಹುದು.