ಹಳೆಯ ಕೋವಿಗಳ ಅಧ್ಯಯನ: ಸಂಗ್ರಾಹಕರ ಖಾಸಗಿ ಗೋಷ್ಠಿಗಳ ಸ್ವರೂಪ

ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾನದಿಯ ದಡದ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ಅಶೋಕನ ಶಾಸನವುಳ್ಳ ಶಿಲಾಫಲಕವೊಂದು ದೇವತಾಮೂರ್ತಿಯ ಪೀಠವಾಗಿ ಬಹುಕಾಲ ಬಳಕೆಯಲ್ಲಿದ್ದಿತು. 1980ರ ದಶಕದಲ್ಲಿ ಕಾಳಿಕಾಗುಡಿಯ ಚಾವಣಿ ಕುಸಿದ ತರುವಾಯವೇ ಅದರ ಬರಹ ವಿದ್ವಾಂಸರ ದೃಷ್ಟಿಗೆ ಬಿದ್ದಿತು. ಪೂಜೆಯಲ್ಲಿರುವ ಅಥವಾ ದಿನಬಳಕೆಯಲ್ಲಿರುವ ವಸ್ತುವೂ ಚರಿತ್ರೆಯ ದಾಖಲೆಯಾಗಿರಬಹುದು. ಆದರೆ ಓದುವವರು ದೊರೆಯುವವರೆಗೆ ಅದು ಮೂಕವಾಗಿಯೇ ಉಳಿಯುತ್ತದೆ. ನಮ್ಮ ನಾಡಿನ ಹಳೆಯ ಕೋವಿಗಳ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ.

ದೊಡ್ಡ ತೋಪುಗಳ ಸ್ಥಿತಿ ಇದಕ್ಕಿಂತ ಉತ್ತಮ. ಕಲಬುರಗಿ ಕೋಟೆಯ ತೋಪುಗಳನ್ನೂ ವಿಜಯಪುರದ ಮಲಿಕ್-ಎ-ಮೈದಾನವನ್ನೂ ಯಾರು ಬೇಕಾದರೂ ಹೋಗಿ ನೋಡಬಹುದು. ಮಲಿಕ್-ಎ-ಮೈದಾನವನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದರೆಂಬುದೂ ಮುಂದೆ ವಿಜಯಪುರವನ್ನು ಗೆದ್ದ ಔರಂಗಜೇಬನು ಅದರ ಮೇಲೆ ತನ್ನ ಲೇಖವನ್ನು ಸೇರಿಸಿದನೆಂಬುದೂ ಅದರ ಮೇಲಿನ ಬರಹಗಳಿಂದಲೇ ತಿಳಿಯುತ್ತವೆ. ಒಂದೇ ತೋಪು ಎರಡು ರಾಜ್ಯಗಳ ಕಥೆಯನ್ನು ಹೇಳುತ್ತದೆ. ಕೈಕೋವಿಗಳ ಸಂಗತಿ ಹಾಗಲ್ಲ. ಬತ್ತಿಯ ಕೋವಿ, ಚಕಮಕಿಯ ಕೋವಿ, ಕೇಪಿನ ಕೋವಿ ಇವು ಬಹುಮಟ್ಟಿಗೆ ಮನೆತನಗಳಲ್ಲಿಯೂ ಖಾಸಗಿ ಸಂಗ್ರಹಗಳಲ್ಲಿಯೂ ಚದುರಿಹೋಗಿವೆ. ಒಬ್ಬನಲ್ಲಿರುವುದು ಮತ್ತೊಬ್ಬನಿಗೆ ತಿಳಿಯದು. ಹೋಲಿಕೆಯಿಲ್ಲದೆ ಕಾಲನಿರ್ಣಯವೂ ಸಾಧ್ಯವಾಗದು. ಈ ತೊಡಕನ್ನು ಪರಿಹರಿಸಲು ಅಂತರಜಾಲದ ಮೂಲಕ ನಡೆಯುವ ಸಣ್ಣ ಅಧ್ಯಯನಗೋಷ್ಠಿಗಳು ಉಪಯುಕ್ತವಾದ ಸಾಧನಗಳು. ಆಯುಧವು ಇದ್ದಲ್ಲಿಯೇ ಇರುತ್ತದೆ. ಅದರ ವಿವರ ಮಾತ್ರ ಸಂಚರಿಸುತ್ತದೆ.

ಹೋಲಿಕೆಯ ಅಗತ್ಯವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಟಿಪ್ಪುಸುಲ್ತಾನನು 1787ರಲ್ಲಿ ಮೌಲೂದಿ ಶಕೆಯನ್ನು ಬಳಕೆಗೆ ತಂದನು. ಅದರ ಮೊದಲ ವರ್ಷ 1215. ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುವ ಪದ್ಧತಿಯೂ ಆಗ ರೂಢಿಗೆ ಬಂದಿತು. ಆದಕಾರಣ ನಳಿಗೆಯ ಮೇಲೆ ಎಡದಿಂದ 4221 ಎಂದು ಕಾಣುವ ಅಂಕಿಯನ್ನು 1224 ಎಂದು ಓದಬೇಕು. ಅದು ಸ್ಥೂಲವಾಗಿ 1796-97ಕ್ಕೆ ಸಮನಾಗುತ್ತದೆ. ಈ ಮರ್ಮವನ್ನರಿಯದೆ 1224ನ್ನು ಹಿಜರಿ ವರ್ಷವೆಂದೆಣಿಸಿದರೆ 1809 ಬರುತ್ತದೆ. ಟಿಪ್ಪು ಮಡಿದದ್ದು 1799ರಲ್ಲಿ. ಹೀಗೆ ನಿಜವಾದ ಶ್ರೀರಂಗಪಟ್ಟಣದ ಕೋವಿಯೊಂದು ನಕಲಿಯೆಂದು ತಳ್ಳಿಹಾಕಲ್ಪಡುವ ಸಂಭವವುಂಟು. ಪಾರಸಿ ಬಲ್ಲವರೊಬ್ಬರು ಗೋಷ್ಠಿಯಲ್ಲಿದ್ದರೆ ಐದು ನಿಮಿಷಗಳಲ್ಲಿ ಈ ಗೊಂದಲ ತೀರುತ್ತದೆ.

ಸಂಗ್ರಹಗಳು ಶಾಶ್ವತವಲ್ಲ. ಬ್ರಿಟನ್ನಿನ ಸಂಗ್ರಾಹಕ ರಾಬಿನ್ ವಿಗಿಂಗ್‌ಟನ್ ಟಿಪ್ಪುವಿನ ಬಂದೂಕುಗಳನ್ನು ಕುರಿತು 1992ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅವರ ಸಂಗ್ರಹವು 2005ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ವಸ್ತುಗಳು ಚದುರಿದರೂ ವಿವರಣೆ ಉಳಿಯಿತು. ಗೋಷ್ಠಿಯ ಮುಖ್ಯ ಫಲವೂ ಇದೇ ಆಗಿರಬೇಕು: ಆಯುಧದ ಪ್ರದರ್ಶನವಲ್ಲ, ಆಯುಧದ ದಾಖಲೆ.

ಗೋಷ್ಠಿಯನ್ನು ಏರ್ಪಡಿಸುವ ಮುನ್ನ ಕಾನೂನನ್ನರಿಯುವುದು ಅವಶ್ಯ. 1959ರ ಆಯುಧ ಅಧಿನಿಯಮದ 45ನೆಯ ಪ್ರಕರಣವು ಬಳಕೆ ತಪ್ಪಿದ ಮಾದರಿಯ, ಪ್ರಾಚೀನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ನೀಡುತ್ತದೆ. ಆದರೆ ಅಂಥದು ದುರಸ್ತಿ ಮಾಡಿಯೂ ಮಾಡದೆಯೂ ಬಂದೂಕಾಗಿ ಪ್ರಯೋಗಿಸಲು ಬಾರದಂತಿರಬೇಕು. ಹಳೆಯದೆಂಬ ಮಾತ್ರಕ್ಕೆ ಪರವಾನಗಿ ಬೇಡವೆಂದು ಭಾವಿಸುವುದು ತಪ್ಪು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಬೇರೆ ಬಗೆಯದು. ಅದರ ಮೂಲ ಮಾರ್ಕ್ ಕಬ್ಬನ್ನನ ಕಾಲದ 1861ರ ಆಜ್ಞೆಯಲ್ಲಿದೆ. 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ಮುಂದುವರಿಸಿತು. ಇತರ ಜಿಲ್ಲೆಗಳ ಸಂಗ್ರಾಹಕರು ಅದನ್ನು ತಮಗೆ ಅನ್ವಯಿಸಿಕೊಳ್ಳಲಾಗದು. ನೂರು ವರ್ಷ ಮೀರಿದ ಆಯುಧವು 1972ರ ಪ್ರಾಚ್ಯವಸ್ತು ಅಧಿನಿಯಮದ ವ್ಯಾಪ್ತಿಗೂ ಬರಬಹುದು. ಅಂಥ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸಲು ಅವಕಾಶವಿಲ್ಲ. ನೆಲದಲ್ಲಿ ಅಥವಾ ಬಾವಿಯಲ್ಲಿ ಸಿಕ್ಕಿದುದನ್ನು ಅಧಿಕಾರಿಗಳಿಗೆ ತಿಳಿಸಬೇಕು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯಲ್ಲಿ ದೊರೆತ ಸಾವಿರಕ್ಕೂ ಮಿಕ್ಕ ಕಬ್ಬಿಣದ ರಾಕೆಟ್ಟುಗಳು ಪುರಾತತ್ತ್ವ ಇಲಾಖೆಯ ಕೈಸೇರಿದುದರಿಂದಲೇ ಅವುಗಳ ಪರಿಶೀಲನೆ ಸಾಧ್ಯವಾಯಿತು.

ಇನ್ನು ಗೋಷ್ಠಿಯ ಕ್ರಮ. ಸದಸ್ಯರು ಹತ್ತು ಹನ್ನೆರಡು ಮಂದಿಯನ್ನು ಮೀರದಿರುವುದು ಲೇಸು. ಪರಿಚಯವಿಲ್ಲದವರನ್ನು ಇಬ್ಬರು ಸದಸ್ಯರ ಒಪ್ಪಿಗೆಯ ಮೇಲೆ ಮಾತ್ರ ಸೇರಿಸಿಕೊಳ್ಳಬೇಕು. ಪ್ರತಿ ಸಭೆಗೆ ಒಂದೇ ವಸ್ತು ಅಥವಾ ಒಂದೇ ಬಗೆಯ ವಸ್ತುಗಳನ್ನು ಆರಿಸಿ, ವಾರ ಮೊದಲೇ ವಿವರಪತ್ರವನ್ನು ಹಂಚತಕ್ಕದ್ದು. ಅದರಲ್ಲಿ ಒಟ್ಟು ಉದ್ದ, ನಳಿಗೆಯ ಉದ್ದ, ಬಾಯಿಯ ವ್ಯಾಸ, ತೂಕ, ಕಿಡಿ ಹೊತ್ತಿಸುವ ವಿಧಾನ, ಮುದ್ರೆಗಳು, ದುರಸ್ತಿಯ ಗುರುತುಗಳು, ಮನೆಗೆ ಬಂದ ಬಗೆ ಇವಿಷ್ಟೂ ಇರಬೇಕು. ಮನೆಯ ಹಿರಿಯರು ಹೇಳುವುದನ್ನು ಅವರ ಮಾತಿನಲ್ಲಿಯೇ ಬರೆದಿಟ್ಟು, ಅದನ್ನು ವಸ್ತುವಿನಿಂದ ಸಿದ್ಧಪಟ್ಟ ಸಂಗತಿಗಳಿಂದ ಬೇರೆಯಾಗಿ ತೋರಿಸಬೇಕು. ಛಾಯಾಚಿತ್ರದಲ್ಲಿ ಅಳತೆಪಟ್ಟಿ ಕಾಣುವಂತಿರಲಿ. ಬೆಳಕು ಓರೆಯಾಗಿ ಬಿದ್ದರೆ ಸವೆದ ಅಕ್ಷರಗಳು ಎದ್ದು ತೋರುವುವು.

ಗೌಪ್ಯವು ಇಲ್ಲಿ ಅನಿವಾರ್ಯ. ಮಾಲೀಕನ ಹೆಸರು, ಊರು ಇವುಗಳ ಬದಲು ಕ್ರಮಸಂಖ್ಯೆಯನ್ನು ಬಳಸಬೇಕು. ಫೋನಿನಲ್ಲಿ ತೆಗೆದ ಚಿತ್ರದೊಳಗೆ ಸ್ಥಳದ ಗುರುತು ಅಡಗಿರಬಹುದಾದ್ದರಿಂದ ಅದನ್ನು ಅಳಿಸಿಯೇ ಕಳುಹಬೇಕು. ಸಭೆಯ ಧ್ವನಿಮುದ್ರಣಕ್ಕೆ ಎಲ್ಲರ ಒಪ್ಪಿಗೆ ಬೇಕು. ಕೊಳ್ಳುವ, ಮಾರುವ ಪ್ರಸ್ತಾಪಕ್ಕೆ ಗೋಷ್ಠಿಯಲ್ಲಿ ಎಡೆಯಿರಕೂಡದು. ಬೆಲೆಯ ಆಸೆ ಹೊಕ್ಕಲ್ಲಿ ವಿವರಣೆಯ ಪ್ರಾಮಾಣ್ಯ ಕುಗ್ಗುತ್ತದೆ.

ಸುರಕ್ಷತೆಯ ಬಗೆಗೆ ಎರಡು ಮಾತು. ಬಾಯಿಯಿಂದ ಮದ್ದು ತುಂಬುವ ಕೋವಿಗಳು ತಲೆಮಾರುಗಳ ಕಾಲ ತುಂಬಿದಂತೆಯೇ ಉಳಿದಿರಬಹುದು. ಪರವಾನಗಿ ಪಡೆದ ಕೋವಿ ದುರಸ್ತಿಗಾರನಿಂದ ಪರೀಕ್ಷೆಯಾಗದೆ ಅವುಗಳನ್ನು ಬಿಚ್ಚಲೂ ಬಾರದು, ಅಧ್ಯಯನದ ನೆಪದಲ್ಲಿ ಹಾರಿಸಲೂ ಬಾರದು.

ಅಪಾಯವು ಕೋವಿಗೂ ಉಂಟು. ಆಯುಧಪೂಜೆಗೆಂದು ಮರಳುಕಾಗದದಿಂದ ತಿಕ್ಕಿದ ನಳಿಗೆ ಹೊಳೆಯುತ್ತದೆ, ಆದರೆ ಅದರ ಮೇಲಿನ ಮುದ್ರೆ ಒಮ್ಮೆ ಅಳಿದರೆ ಮತ್ತೆ ಬರುವುದಿಲ್ಲ. ಹೆದರಿಕೆಯಿಂದಲೋ ಅಲಕ್ಷ್ಯದಿಂದಲೋ ಗುಜರಿಗೆ ಹೋದುದರ ಗತಿಯೂ ಅದೇ. ಕಾಲೇಜುಗಳ ಇತಿಹಾಸ ವಿಭಾಗಗಳು ಇಂಥ ಗೋಷ್ಠಿಗಳಿಗೆ ಪಾರಸಿ ಓದುವವರನ್ನೂ ಲೋಹವಿದ್ಯೆ ಬಲ್ಲವರನ್ನೂ ಒದಗಿಸಬಹುದು. ಸಂಗ್ರಾಹಕರು ಹೆಸರು ಮರೆಮಾಡಿದ ವಿವರಪತ್ರಗಳ ಒಂದೊಂದು ಪ್ರತಿಯನ್ನು ವಿಭಾಗಗಳಲ್ಲಿ ಇರಿಸಬಹುದು. ವಿದ್ಯಾರ್ಥಿಗಳು ತಮ್ಮ ಊರಿನ ಒಂದು ಕೋವಿಯ ವಿವರಪತ್ರವನ್ನು, ಮಾಲೀಕರ ಸಮ್ಮತಿ ಪಡೆದು, ಈ ಕ್ರಮದಲ್ಲಿ ಸಿದ್ಧಪಡಿಸಿದರೆ ಕೆಲಸ ಆರಂಭವಾದಂತೆಯೇ ಸರಿ.